ಅಮಾವಾಸ್ಯೆಯ ಬಸ್ಸು

ಹೋದ ತಿಂಗಳು ಶಿಕಾರಿಪುರದಲ್ಲಿ ಒಂದು ಮದುವೆ ಮುಗಿಸಿಕೊಂಡು ಸೊರಬಕ್ಕೆ ವಾಪಸು ಬರುತ್ತಿದ್ದೆ. ಬಸ್ಸು ಹೊರಡುವ ಮೊದಲೇ ಕಂಡಕ್ಟರು ನನ್ನ ಸೀಟಿನ ಹತ್ತಿರ ಬಂದರು. ಬಹಳ ವರ್ಷಗಳಿಂದ ಇದೇ ದಾರಿಯಲ್ಲಿ ಓಡಾಡುವವರು, ಇನ್ನೊಂದೆರಡು ತಿಂಗಳಿಗೆ ನಿವೃತ್ತಿಯಂತೆ. ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ಟನ್ನು ಮಷೀನಿನಿಂದ ಹರಿದು ನನ್ನ ಕೈಗಿಟ್ಟವರು ಮುಂದಕ್ಕೆ ಹೋಗದೆ ಅಲ್ಲೇ ನಿಂತರು.

“ಅಣ್ಣಾರು ಕಾಣ್ತಿಲ್ಲಲ್ಲ ಅಕ್ಕಾರೆ. ಆರಾಮ ಅದಾರೇನ್ರಿ?”

“ತೀರಿಕೊಂಡ್ರು. ಶಿವರಾತ್ರಿ ಆದ ಮೇಲೆ,” ಅಂದೆ.

ಅವರು ಡ್ರೈವರಿನ ಹಿಂದಿನ ಕಿಟಕಿ ಸೀಟಿನ ಕಡೆ ನೋಡಿದರು. “ಆ ಸೀಟ್ನಾಗೆ ಯಾರಾರ ಕುಂತಿದ್ರೆ ಅವರ ಮುಂದೆ ಹೋಗಿ ‘ಏಳ್ರಿ’ ಅಂತ ನಿಂತುಬಿಡೋರು. ಒಂದ್ಸಲ ಒಬ್ರು ಪೊಲೀಸ್ನೋರನ್ನೂ ಎಬ್ಬಿಸ್ಯಾರೆ,” ಎಂದು ಹೇಳಿ ಹಿಂದಿನ ಸೀಟುಗಳ ಕಡೆ ಹೋದರು.

ಶಿರಾಳಕೊಪ್ಪ ಬರುವವರೆಗೂ ನಾನು ಆ ಸೀಟನ್ನು ನೋಡುತ್ತ ಕುಳಿತಿದ್ದೆ. ಅಣ್ಣನ ಬಗ್ಗೆ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿದ್ದು ಆಗ. ಅವನಿಗೆ ಓದಲು ಬರುತ್ತಿರಲಿಲ್ಲ. ಆದ್ದರಿಂದ ಬರೆದದ್ದರಲ್ಲಿ ತಪ್ಪು ಹುಡುಕುವವರು ಯಾರೂ ಇಲ್ಲ ಎಂಬ ಧೈರ್ಯವೂ ಇತ್ತು.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ನನಗೆ ಆರೇಳು ವರ್ಷವಾದಾಗ ನಾವಿಬ್ಬರೂ ಒಂದೇ ವಯಸ್ಸಿನವರಾದೆವು. ಅಲ್ಲಿಂದ ಮುಂದೆ ನಾನೇ ದೊಡ್ಡವಳಾಗುತ್ತ ಹೋದೆ. ಮೂರು ವರ್ಷವಾದರೂ ಅವನಿಗೆ ಮಾತು ಬರಲಿಲ್ಲವೆಂದು ಅವ್ವ ಶಿವಮೊಗ್ಗದ ಡಾಕ್ಟರಿಗೆ ತೋರಿಸಿದ್ದಳಂತೆ. ಅವರು, ಮೈ ಬೆಳೆಯುತ್ತದೆ, ಬುದ್ಧಿ ಬೆಳೆಯುವುದಿಲ್ಲ ಎಂದರಂತೆ. ಅವ್ವ ಅದನ್ನು ಪೂರ್ತಿ ಒಪ್ಪಲಿಲ್ಲ. “ಬೆಳೆಯಲ್ಲ ಅಂತಲ್ಲ. ನಮ್ಮ ಹುಡುಗ ನಿಧಾನಸ್ಥ,” ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಊರಿನವರ ಬಾಯಲ್ಲಿ ಅವನಿಗೆ ಬೇರೆ ಹೆಸರುಗಳಿದ್ದವು. ಅವು ಇಲ್ಲಿ ಬೇಡ.

ಮಾತು ಬಂದಾಗ ಅವ್ವ ಅವನಿಗೆ ಮೊದಲು ಕಲಿಸಿದ್ದು ದೊಡ್ಡವರಿಗೆ ‘ರೀ’ ಅನ್ನುವುದನ್ನು. ಯಾರು ದೊಡ್ಡವರು, ಯಾರು ಸಣ್ಣವರು ಎಂಬ ಲೆಕ್ಕ ಅವನಿಗೆ ಹತ್ತಲಿಲ್ಲ. ಹಾಗಾಗಿ ಎಲ್ಲರಿಗೂ ರೀ ಹಚ್ಚಿದ. ಅಪ್ಪಾರೆ, ಅವ್ವಾರೆ ಎಂದ ಹಾಗೆಯೇ ನನಗೂ ತಂಗ್ಯಾರೆ ಎಂದ. ಎಮ್ಮೆಗೆ “ಈ ಕಡೆ ಸರೀರಿ” ಅನ್ನುತ್ತಿದ್ದ. ಬೀದಿಯಲ್ಲಿ ಅವನಿಗೆ ಕಲ್ಲೆಸೆಯುತ್ತಿದ್ದ ಹುಡುಗರಿಗೂ “ಒಗೀಬ್ಯಾಡ್ರಿ” ಎಂದೇ ಅನ್ನುತ್ತಿದ್ದ.

ನಾನು ಒಂದನೇ ಕ್ಲಾಸಿಗೆ ಸೇರುವ ಹೊತ್ತಿಗೆ ಅವನು ಅಲ್ಲೇ ಮೂರನೇ ವರ್ಷ ಕೂತಿದ್ದ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ಕ್ಲಾಸಿಗೆ, “ಇವರು ನಮ್ಮ ತಂಗ್ಯಾರು,” ಎಂದು ಪರಿಚಯ ಮಾಡಿಸಿದ. ಮುಂದಿನ ವರ್ಷ ನಾನು ಎರಡನೇ ಕ್ಲಾಸಿಗೆ ಹೋದೆ, ಅವನು ಪಾಸಾಗಲಿಲ್ಲ. ಆದರೂ ನನ್ನ ಹಿಂದೆಯೇ ಬಂದು ಎರಡನೇ ಕ್ಲಾಸಿನಲ್ಲಿ ಕೂತ. ನನ್ನನ್ನು ಒಬ್ಬಳನ್ನೇ ಬಿಟ್ಟರೆ ನಾನು ಅಳುತ್ತೇನೆ ಎಂಬುದು ಅವನ ನಂಬಿಕೆ. ಅಲ್ಲಿನ ಅಕ್ಕೋರು ಒಳ್ಳೆಯವರು. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಇರಲಿಲ್ಲ. ಎಲ್ಲರ ಹೆಸರು ಕೂಗಿ ಮುಗಿಸಿ, ಪುಸ್ತಕ ಮುಚ್ಚಿ, ಆಮೇಲೆ ತಲೆಯೆತ್ತಿ ಅವನ ಹೆಸರನ್ನೂ ಕೂಗುತ್ತಿದ್ದರು. ಅವನು ಎದ್ದು ನಿಂತು ಅಂಗಿ ಸರಿಮಾಡಿಕೊಂಡು, “ಬಂದೀನ್ರಿ,” ಎನ್ನುತ್ತಿದ್ದ. ಹೀಗೆ ನಾಲ್ಕನೇ ಕ್ಲಾಸಿನವರೆಗೆ ನನ್ನ ಜೊತೆ ಬಂದ.

ಐದನೇ ಕ್ಲಾಸಿಗೆ ನಾನು ದೊಡ್ಡ ಶಾಲೆಗೆ ಹೋದೆ. ಅಲ್ಲಿ ಹೊಸ ಗೆಳತಿಯರು, ಹೊಸ ಯೂನಿಫಾರಂ. ಅಣ್ಣನಿಗೆ ಬರಬೇಡ ಎಂದು ಹೇಳಿದ್ದೆ. ಒಂದು ಮಧ್ಯಾಹ್ನ ನಾನು ಮರೆತು ಬಂದಿದ್ದ ಬುತ್ತಿ ಹಿಡಿದುಕೊಂಡು ಗೇಟಿನ ಹತ್ತಿರ ಬಂದ. ಮೈ ತುಂಬ ಅಪ್ಪನ ಗಿರಣಿಯ ಹಿಟ್ಟು, ಬಾಯಿ ಅರ್ಧ ತೆರೆದಿತ್ತು. ಗೆಳತಿಯೊಬ್ಬಳು, “ಯಾರೇ ಅವನು?” ಎಂದಳು.

“ನಮ್ಮ ಗಿರಣೀಲಿ ಇರ್ತಾನೆ,” ಅಂದೆ.

ಅದು ಅವನಿಗೆ ಕೇಳಿಸಿತು. ನನ್ನ ಕಡೆ ನೋಡಿ, ಗೆಳತಿಯ ಕಡೆ ತಿರುಗಿ, ಬಹಳ ಖುಷಿಯಿಂದ, “ಹೌದ್ರಿ, ಗಿರಣಿಯಾಗೆ ಇರ್ತೀನಿ,” ಎಂದ. ಬುತ್ತಿ ಕೊಟ್ಟು ಹೊರಟುಹೋದ. ಸುಳ್ಳು ಹೇಳಿದವಳು ನಾನು. ಆದರೆ ಅವನ ಬಾಯಿಗೆ ಬಂದಾಗ ಅದು ನಿಜವಾಗಿಬಿಟ್ಟಿತ್ತು. ಆವತ್ತು ಬುತ್ತಿಯನ್ನು ಹಾಗೆಯೇ ಮನೆಗೆ ತಂದೆ. ಅವ್ವ ಯಾಕೆಂದು ಕೇಳಿದಾಗ ಹೊಟ್ಟೆ ನೋವು ಎಂದೆ.

ಅಪ್ಪನ ಹಿಟ್ಟಿನ ಗಿರಣಿ ಶಿಕಾರಿಪುರದ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿತ್ತು. ಶಾಲೆ ಬಿಟ್ಟ ಮೇಲೆ ಅಣ್ಣ ಪೂರ್ತಿ ಅಲ್ಲಿಯವನಾದ. ಅವನ ಕೆಲಸ ಡಬ್ಬಿಗಳನ್ನು ಬಂದ ಕ್ರಮದಲ್ಲಿ ಸಾಲಾಗಿಡುವುದು. ಅಪ್ಪ ಹೇಳಿಕೊಟ್ಟಿದ್ದ ನಿಯಮ ಒಂದೇ, ಮುಂದೆ ಬಂದವರದು ಮುಂದೆ. ಅದನ್ನು ಅಣ್ಣ ಮೀರಿದ್ದು ನನಗೆ ನೆನಪಿಲ್ಲ. ಒಂದು ಸಲ ಊರಿನ ದೊಡ್ಡ ಮನುಷ್ಯರೊಬ್ಬರ ಮನೆಯಿಂದ ಆಳು ಜೋಳದ ಡಬ್ಬಿ ತಂದು ನೇರ ಬೀಸುವ ಕಲ್ಲಿನ ಹತ್ತಿರ ಇಟ್ಟ. ಅಣ್ಣ ಅದನ್ನೆತ್ತಿಕೊಂಡು ಹೋಗಿ ಸಾಲಿನ ಕೊನೆಗಿಟ್ಟ.

“ಅದು ಯಾರ ಮನೇದು ಗೊತ್ತೈತೇನೋ?” ಎಂದ ಆಳು.

“ಗೊತ್ತೈತ್ರಿ. ಹಿಂದೆ ಬಂದೋರ್ದು.”

ಸಾಲಿನಲ್ಲಿ ಕೂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಪ್ಪ ಆಮೇಲೆ ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ಆದರೆ ಅಣ್ಣನಿಗೆ ಏನೂ ಅನ್ನಲಿಲ್ಲ.

ಅವನನ್ನು ದೇವರಂಥವನು ಎಂದು ಹೇಳುವವರು ಸತ್ತ ಮೇಲೆ ಬಹಳ ಮಂದಿ ಬಂದರು. ದೇವರಂಥವನೇನಲ್ಲ. ಬೆಲ್ಲ ಕದಿಯುತ್ತಿದ್ದ, ಬಾಯಿ ತುಂಬ ಬೆಲ್ಲವಿಟ್ಟುಕೊಂಡೇ ಇಲ್ಲರಿ ಎನ್ನುತ್ತಿದ್ದ. ಅವನು ಮಲಗುವ ಜಾಗದಲ್ಲಿ ಬೇರೆಯವರ ಚಾಪೆ ಹಾಸಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ದೀಪಾವಳಿಯ ಪಟಾಕಿಗೆ ಹೆದರಿ ಅವನು ಚೀರುವುದರಿಂದ ನಮ್ಮ ಮನೆಯಲ್ಲಿ ಒಂದು ಸುರುಸುರುಬತ್ತಿಯನ್ನೂ ಹಚ್ಚಲಿಲ್ಲ. ಅದಕ್ಕಾಗಿ ನಾನು ಅವನನ್ನು ದ್ವೇಷಿಸಿದ ವರ್ಷಗಳಿವೆ. ಅವನು ಇಲ್ಲದ ಮನೆಯಲ್ಲಿ ಹುಟ್ಟಿದ್ದರೆ ಎಂದು ಯೋಚಿಸಿದ್ದೂ ಇದೆ.

ನನಗೆ ಸೊರಬದಿಂದ ಸಂಬಂಧ ಬಂತು. ಹುಡುಗನದು ಪುಸ್ತಕ, ಪೆನ್ನು, ಕಾಗದದ ಅಂಗಡಿ. ತಂದೆ ಇಲ್ಲ, ತಾಯಿ ಬಹಳ ಖಡಾಖಂಡಿತದ ಹೆಂಗಸು ಎಂದು ಮಧ್ಯಸ್ಥರು ಹೇಳಿದ್ದರು. ಅವರು ನೋಡಲು ಬರುವ ದಿನ ಅಣ್ಣನನ್ನು ತೊಗರ್ಸಿಯ ದೊಡ್ಡಮ್ಮನ ಮನೆಗೆ ಕಳಿಸುವುದೆಂದು ಅಪ್ಪ ತೀರ್ಮಾನಿಸಿದರು. ಅವ್ವ ನನ್ನ ಮುಖ ನೋಡಿದಳು. ನಾನು ಬೇಡ ಎಂದಿದ್ದರೆ ನಿಲ್ಲುತ್ತಿತ್ತೋ ಏನೋ. ನಾನು ಎದ್ದು ಅಣ್ಣನ ತಲೆ ಬಾಚಿದೆ, ಇಸ್ತ್ರಿ ಮಾಡಿದ ಅಂಗಿ ಹಾಕಿದೆ.

“ತೊಗರ್ಸಿ ಗುಡಿಗೆ ಹೋಗಿ ಮಲ್ಲಿಕಾರ್ಜುನಗೆ ಕೈ ಮುಗಿದು ಬಾ,” ಎಂದೆ.

“ನೀವು ಬರಲ್ಲೇನ್ರಿ?”

“ನಂಗೆ ಕೆಲಸ ಐತಿ.”

“ಆತ್ರಿ,” ಎಂದು ಹೋದ.

ಹುಡುಗನ ತಾಯಿ ಉಪ್ಪಿಟ್ಟು ತಿನ್ನುತ್ತ, ಮನೆಯಲ್ಲಿ ಇನ್ನೂ ಯಾರಿದ್ದಾರೆ ಎಂದು ಕೇಳಿದರು. ಅಪ್ಪ, “ಒಬ್ಬ ಮಗ ಅದಾನೆ, ಊರಾಗಿಲ್ಲ,” ಎಂದರು. ಮಾತು ಅಲ್ಲಿಗೆ ಮುಗಿಯಿತು, ಮದುವೆ ಗೊತ್ತಾಯಿತು.

ಮದುವೆಯ ದಿನ ಅವನನ್ನು ಎಲ್ಲಿಗೂ ಕಳಿಸಲಾಗಲಿಲ್ಲ. ಹೊಸ ಪಂಚೆ ಉಟ್ಟುಕೊಂಡು ಛತ್ರದ ತುಂಬ ಓಡಾಡಿ, ಬಂದವರಿಗೆಲ್ಲ ನೀರು ಕೊಟ್ಟ. ತಾಳಿ ಕಟ್ಟುವಾಗ ನನ್ನ ಹಿಂದೆಯೇ ನಿಂತಿದ್ದ. ಎಲ್ಲರಿಗೂ ಕೇಳಿಸುವಂತೆ ಅವ್ವನಿಗೆ, “ನನ್ನ ಮದುವಿ ಯಾವಾಗ್ರಿ ಅವ್ವಾರೆ?” ಎಂದ. ಕೆಲವರು ನಕ್ಕರು. ನಾನು ಗಂಡನ ಮನೆಗೆ ಹೋದ ಮೇಲೂ ಎಷ್ಟೋ ತಿಂಗಳು ಅದನ್ನೇ ಕೇಳುತ್ತಿದ್ದನಂತೆ. ಅವ್ವ ಒಂದು ದಿನ, “ನಿನಗೆ ಮದುವಿ ಮಾಡಿಬಿಟ್ರೆ ಗಿರಣಿ ಯಾರು ನೋಡ್ಕೋತಾರಪ್ಪ?” ಎಂದಳಂತೆ. ಅವನು ಯೋಚನೆ ಮಾಡಿ, “ಅಪ್ಪಾರು ನೋಡ್ಕೋತಾರ್ರಿ,” ಎಂದನಂತೆ. ಅವನಿಗೂ ಎಲ್ಲರ ಹಾಗೆ ಒಂದು ಮನೆ, ಒಬ್ಬ ಹೆಂಡತಿ ಬೇಕು ಅನ್ನಿಸಿತ್ತು ಎಂಬುದನ್ನು ನಾವು ಯಾರೂ ಮತ್ತೆ ಮಾತಾಡಲಿಲ್ಲ. ಅವನೂ ಕ್ರಮೇಣ ಕೇಳುವುದನ್ನು ಬಿಟ್ಟ. ಮರೆತನೋ, ತಿಳಿದುಕೊಂಡನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಸೊರಬದ ಮನೆಗೆ ಬಂದ ಎರಡನೇ ದಿನ ಅಡಿಗೆಮನೆಯಲ್ಲಿ ಅತ್ತೆ ಕೇಳಿದರು. “ನಿನ್ನ ಅಣ್ಣನ್ನ ಆವತ್ತು ಎಲ್ಲಿ ಅಡಗ್ಸಿ ಇಟ್ಟಿದ್ರಿ?”

“ತೊಗರ್ಸೀಲಿ,” ಎಂದೆ.

“ಹೇಳಿದ್ರೆ ನಾವು ಬ್ಯಾಡ ಅಂತಿದ್ವೋ ಎಂತೋ, ನಂಗೂ ಗೊತ್ತಿಲ್ಲ. ಆದ್ರೆ ಹೇಳ್ಬೇಕಿತ್ತು ಅಲ್ದಾ?”

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಆದರೆ ಹಬ್ಬ ಬಂದರೆ, “ನಿನ್ನ ಅಪ್ಪ ಅವ್ವಂಗೆ ಬರಕ್ಕೆ ಹೇಳು,” ಎನ್ನುತ್ತಿದ್ದರು. ಅಪ್ಪ ಅವ್ವ ಎಂದಷ್ಟೇ. ನಮ್ಮವರಿಗೆ ಅರ್ಥವಾಗಿತ್ತು. ಒಬ್ಬರು ಬಂದರೆ ಇನ್ನೊಬ್ಬರು ಅಣ್ಣನ ಜೊತೆ ಉಳಿಯುತ್ತಿದ್ದರು.

ನಾನು ಬಸುರಿಯಾದಾಗ ಅತ್ತೆಗಿಂತ ಹೆಚ್ಚು ಹೆದರಿದವಳು ನಾನು. ಬಾಣಂತನಕ್ಕೆ ತವರಿಗೆ ಬಂದಿದ್ದೆ. ಅಣ್ಣ ದಿನವೂ ಎಲ್ಲಿಂದಲೋ ಹುಣಿಸೆಕಾಯಿ ತಂದು ನನ್ನ ಮಂಚದ ಮೇಲೆ ಇಡುತ್ತಿದ್ದ. ಅದನ್ನು ತಿನ್ನುತ್ತಲೇ ನಾನು ಮನಸ್ಸಿನಲ್ಲಿ, ದೇವರೇ ಇವನ ಹಾಗೆ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮಗಳು ಹುಟ್ಟಿದಳು. ಚೆನ್ನಾಗಿದ್ದಳು. ಅವ್ವ ಅವಳನ್ನು ಎತ್ತಿಕೊಂಡು ನನ್ನನ್ನು ಕೇಳದೆ ಅಣ್ಣನ ತೊಡೆಯ ಮೇಲೆ ಮಲಗಿಸಿದಳು. ಅವನು ಉಸಿರು ಬಿಗಿಹಿಡಿದು ಕೂತ. ಆಮೇಲೆ, “ಇವರಿಗೂ ರೀ ಅನ್ನಬೇಕೇನ್ರಿ?” ಎಂದ.

“ನಿನ್ನಿಷ್ಟಪ್ಪ,” ಎಂದಳು ಅವ್ವ.

ಅವನು ಮಗುವಿಗೂ ರೀ ಎಂದೇ ಅಂದ.

ಐದು ತಿಂಗಳಾದ ಮೇಲೆ ಮಗುವನ್ನು ಕರೆದುಕೊಂಡು ಸೊರಬಕ್ಕೆ ಬಂದೆ. ಬಂದ ವಾರದಲ್ಲೇ ಒಂದು ಅಮಾವಾಸ್ಯೆ. ತವರಿನಲ್ಲಿ ಪ್ರತಿ ಅಮಾವಾಸ್ಯೆ ಗಿರಣಿಗೆ ಪೂಜೆ ಮಾಡಿ ಬಾಗಿಲು ಹಾಕುವುದು ರೂಢಿ. ಪೂಜೆ ಮುಗಿಸಿ ಅಪ್ಪ ತಿರುಗಿ ನೋಡಿದರೆ ಅಣ್ಣ ಇಲ್ಲ. ಅಲ್ಲೇ ಎಲ್ಲೋ ಇರಬೇಕೆಂದು ಸ್ವಲ್ಪ ಹೊತ್ತು ಬಿಟ್ಟರು. ಆಮೇಲೆ ಬೀದಿಬೀದಿ ಹುಡುಕಿದರು. ಕೆರೆ ಏರಿಯ ಮೇಲೆ ನೋಡಿದರು. ಅಂಜನಾಪುರದ ಕಾಲುವೆಗೆ ನೀರು ಬಿಟ್ಟಿದ್ದ ದಿನಗಳು ಅವು. ಅಪ್ಪ ಯಾರದೋ ಸ್ಕೂಟರಿನ ಹಿಂದೆ ಕೂತು ಕಾಲುವೆಯ ಉದ್ದಕ್ಕೂ ನೀರನ್ನೇ ನೋಡುತ್ತ ಹೋದರಂತೆ. ಅವ್ವ ಗಿರಣಿಯ ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲವಂತೆ.

ನನಗೆ ಇದು ಯಾವುದೂ ತಿಳಿಯದು. ನಾನು ಮಗುವಿಗೆ ಚುಚ್ಚುಮದ್ದು ಹಾಕಿಸಲು ಆಸ್ಪತ್ರೆಗೆ ಹೋಗಿದ್ದೆ. ಯಜಮಾನರು ಅಂಗಡಿಯ ಸಾಮಾನಿಗೆಂದು ಶಿವಮೊಗ್ಗಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆ ಒಬ್ಬರೇ. ಮಧ್ಯಾಹ್ನ ವಾಪಸು ಬಂದಾಗ ಬಾಗಿಲ ಮುಂದೆ ಅಣ್ಣನ ಚಪ್ಪಲಿ ಇದ್ದವು. ಒಳಗೆ ಅವನು ತಟ್ಟೆಯ ಮುಂದೆ ಕೂತಿದ್ದ, ಅತ್ತೆ ಬಡಿಸುತ್ತಿದ್ದರು.

ಬಾಗಿಲು ತೆರೆದಾಗ ಅವನು ಹೇಳಿದ್ದನ್ನು ಅತ್ತೆ ಆಮೇಲೆ ಎಷ್ಟೋ ಜನರಿಗೆ ಹೇಳಿದ್ದಾರೆ. “ನಾನು ತಂಗ್ಯಾರ ಅಣ್ಣರೀ. ಮಗೂ ನೋಡಾಕೆ ಬಂದೀನ್ರಿ.” ಕೈಯಲ್ಲಿ ಒಂದು ಡಬ್ಬಿ. ಅದರಲ್ಲಿ ಮಗುವಿಗೆ ರಾಗಿ ಸರಿ ಮಾಡಲೆಂದು ಅವನೇ ಬೀಸಿದ ಹಿಟ್ಟು. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದಾಗ ತಂಗ್ಯಾರ ಮನಿಗೆ ಎಂದನಂತೆ. ಯಾವೂರು ಎಂದಾಗ ಸೊರಬ ಎಂದನಂತೆ. ಶಿರಾಳಕೊಪ್ಪದಲ್ಲಿ ಎಲ್ಲರೂ ಟೀ ಕುಡಿಯಲು ಇಳಿದರೂ ಇವನು ಸೀಟು ಬಿಟ್ಟು ಏಳಲಿಲ್ಲ. ಸೊರಬದಲ್ಲಿ ಇಳಿದು, ಪುಸ್ತಕದ ಅಂಗಡಿಯೋರ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದಿದ್ದ. ಹೋದ ತಿಂಗಳು ನನ್ನನ್ನು ಮಾತಾಡಿಸಿದ ಈ ಕಂಡಕ್ಟರೇ ಆವತ್ತು ಆ ಬಸ್ಸಿನಲ್ಲಿ ಇದ್ದವರು.

ನಾನು ಓಡಿ ಹೋಗಿ ಗಿರಣಿಯ ಪಕ್ಕದ ಫೋನ್ ಅಂಗಡಿಗೆ ಫೋನ್ ಮಾಡಿದೆ. ಸಂಜೆಯ ಬಸ್ಸಿಗೆ ಅಪ್ಪ ಬಂದರು. ಕಾಲುವೆಯ ಕೆಸರು ಇನ್ನೂ ಪಂಚೆಯ ಅಂಚಿನಲ್ಲಿತ್ತು. ಅಣ್ಣನನ್ನು ನೋಡಿ, ಹೊಡೆಯಲು ಎತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆ ಅವರಿಗೆ ನೀರು ಕೊಟ್ಟು, ಕುಡಿದು ಮುಗಿಸುವವರೆಗೆ ಕಾದು, ಹೇಳಿದರು:

“ನೀವು ಇವನು ಊರಾಗಿಲ್ಲ ಅಂದಿದ್ರಿ. ಈಗ ಇವನೇ ಬಂದು, ಇದೀನಿ ಅಂದ.”

ಅಪ್ಪ ತಲೆ ತಗ್ಗಿಸಿದರು.

“ಇನ್ನು ಮುಂದೆ ಹೇಳದೆ ಬರೋದು ಬ್ಯಾಡ. ಅಲ್ಲಿ ನೀವು ಹತ್ಸಿ ಫೋನ್ ಮಾಡಿ. ಇಲ್ಲಿ ನಾವು ಇಳಿಸ್ಕೋತೀವಿ.”

ಹೀಗೆ ಪ್ರತಿ ಅಮಾವಾಸ್ಯೆಗೆ ಅವನು ಸೊರಬಕ್ಕೆ ಬರುವುದು ಶುರುವಾಯಿತು. ಬೇರೆ ಮನೆಗಳಲ್ಲಿ ಅಮಾವಾಸ್ಯೆ ಎಂದರೆ ಒಳ್ಳೆಯ ಕೆಲಸಕ್ಕೆ ಕೈ ಹಾಕದ ದಿನ. ನಮ್ಮ ಮನೆಯಲ್ಲಿ ಮಗಳು ಕ್ಯಾಲೆಂಡರಿನ ಕಪ್ಪು ಚುಕ್ಕೆಗೆ ಬೆರಳಿಟ್ಟು ಇನ್ನೆಷ್ಟು ದಿನ ಎಂದು ಎಣಿಸುತ್ತ ಬೆಳೆದಳು. ಅವನು ಬಂದ ದಿನ ಅತ್ತೆ ಕಡುಬು ಮಾಡುತ್ತಿದ್ದರು. ಅವನು ಒಂದು ತುತ್ತು ತಿಂದು, “ಉಪ್ಪು ಜಾಸ್ತಿರಿ,” ಎನ್ನುತ್ತಿದ್ದ. ಇಡೀ ಸೊರಬದಲ್ಲಿ ಅತ್ತೆಗೆ ಹಾಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. “ಹಂಗಾದ್ರೆ ಬಿಡು, ಎದ್ದು ಹೋಗು,” ಎಂದು ಬೈಯುತ್ತಲೇ ಅವರು ಇನ್ನೆರಡು ಹಾಕುತ್ತಿದ್ದರು. ಊಟವಾದ ಮೇಲೆ ಇಬ್ಬರೂ ಜಗಲಿಯ ಮೇಲೆ ಎದುರುಬದುರು ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆ ತಮ್ಮ ಅತ್ತೆಯ ಬಗ್ಗೆ ಅವನ ಹತ್ತಿರ ದೂರು ಹೇಳುತ್ತಿದ್ದರು. ನನಗೆ ಹೇಳದಿದ್ದ ಎಷ್ಟೋ ಸಂಗತಿ ಅವನಿಗೆ ಗೊತ್ತಿತ್ತು.

ಅವ್ವ ಯಾವಾಗಲೂ ಒಂದು ಮಾತು ಹೇಳುತ್ತಿದ್ದಳು. “ದೇವರು ನನಗೆ ಬೇರೇನೂ ಕೊಡೋದು ಬ್ಯಾಡ. ಅವನು ಹೋದ ಮಾರನೇ ದಿನ ನಾನು ಹೋದ್ರೆ ಸಾಕು.” ಹಾಗಾಗಲಿಲ್ಲ. ಅವ್ವ ಮೊದಲು ಹೋದಳು. ಅಣ್ಣ ಎಷ್ಟೋ ದಿನ ಊಟದ ಹೊತ್ತಿಗೆ ಅಡಿಗೆಮನೆಯ ಬಾಗಿಲಿಗೆ ಹೋಗಿ ಒಳಗೆ ಇಣುಕಿ, ಯಾರೂ ಇಲ್ಲದ್ದನ್ನು ನೋಡಿ, ಬಂದು ತಟ್ಟೆಯ ಮುಂದೆ ಕೂರುತ್ತಿದ್ದ. ಪ್ಯಾಕೆಟ್ ಹಿಟ್ಟು ಬಂದು ಗಿರಣಿಯ ಸಾಲು ಕರಗಿತು. ನಾಲ್ಕು ವರ್ಷದ ನಂತರ ಅಪ್ಪನೂ ಹೋದರು.

ತಿಥಿ ಮುಗಿದ ದಿನ ನೆಂಟರೆಲ್ಲ ಕೂತು ಅಣ್ಣನ ವಿಷಯ ಮಾತಾಡಿದರು. ಹುಬ್ಬಳ್ಳಿ ಕಡೆ ಇಂಥವರನ್ನು ನೋಡಿಕೊಳ್ಳುವ ಜಾಗ ಇದೆ ಎಂದರು ಒಬ್ಬರು. ನಾನು ಯಜಮಾನರ ಮುಖ ನೋಡಿದೆ. ಅವರು ಬಾಯಿ ತೆರೆಯುವ ಮೊದಲು ಅತ್ತೆ ಎದ್ದರು. “ಅವನ ಬಟ್ಟೆ ಯಾವ ಪೆಟ್ಟಿಗೇಲಿ ಅದಾವೆ, ತಗಂಬಾ. ಸಂಜೆ ಬಸ್ಸು ತಪ್ಪಿಹೋಗ್ತದೆ,” ಎಂದು ನನಗೆ ಹೇಳಿದರು.

ಸೊರಬಕ್ಕೆ ಬಂದ ಮೇಲೂ ಅವನು ಅಮಾವಾಸ್ಯೆಯ ಬಸ್ಸನ್ನು ಬಿಡಲಿಲ್ಲ. ಈಗ ಇಲ್ಲಿಂದ ಹತ್ತಿ ಶಿಕಾರಿಪುರಕ್ಕೆ ಹೋಗುತ್ತಿದ್ದ. ಗಿರಣಿಯಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಾಗಿತ್ತು. ಅದರ ಮುಂದಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಪಕ್ಕದವರು ಕೊಟ್ಟ ಟೀ ಕುಡಿದು, ಅದೇ ಬಸ್ಸಿಗೆ ವಾಪಸು ಬರುತ್ತಿದ್ದ.

ಅಷ್ಟರಲ್ಲಿ ಅತ್ತೆಗೆ ಮರೆವು ಹತ್ತಿತ್ತು. ಒಲೆ ಹಚ್ಚಿದ್ದು, ಉಂಡದ್ದು ಮರೆಯುತ್ತಿದ್ದರು. ಒಂದೇ ಪ್ರಶ್ನೆಯನ್ನು ನೂರು ಸಲ ಕೇಳುತ್ತಿದ್ದರು. ಅಂಗಡಿಗೂ ಮನೆಗೂ ಓಡಾಡುವ ನಾನು ಮೂರನೇ ಸಲಕ್ಕೇ ಸಿಡುಕುತ್ತಿದ್ದೆ. ಅಣ್ಣ ಸಿಡುಕುತ್ತಿರಲಿಲ್ಲ. ಅವನ ಮಟ್ಟಿಗೆ ಪ್ರತಿ ಸಲವೂ ಹೊಸ ಪ್ರಶ್ನೆಯೇ. “ನೀನು ಯಾರಪ್ಪ?” ಎಂದು ಅತ್ತೆ ಕೇಳಿದಾಗಲೆಲ್ಲ ಅವನು, “ತಂಗ್ಯಾರ ಅಣ್ಣರೀ,” ಎಂದು ಪರಿಚಯ ಹೇಳಿಕೊಳ್ಳುತ್ತಿದ್ದ. ಅತ್ತೆ, “ಬಾ, ಕೂತ್ಕ,” ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಅವರಿಬ್ಬರು ಹೊಸದಾಗಿ ಗುರುತು ಮಾಡಿಕೊಳ್ಳುತ್ತಿದ್ದರು.

ಇವತ್ತು ಯಾವ ವಾರ ಎಂದು ಕೇಳುವುದು ಅತ್ತೆಯ ಇನ್ನೊಂದು ಅಭ್ಯಾಸ. ಅಣ್ಣನಿಗೂ ವಾರ ಗೊತ್ತಿರಲಿಲ್ಲ. ಮೊದಮೊದಲು ನನ್ನ ಹತ್ತಿರ ಬಂದು ಕೇಳಿಕೊಂಡು ಹೋಗಿ ಹೇಳುತ್ತಿದ್ದ. ನಾನು ಒಂದು ದಿನ ಗದರಿದೆ. ಅಂದಿನಿಂದ ಅವನೇ ತೀರ್ಮಾನಿಸಿ, “ಸೋಮವಾರ ರೀ,” ಎನ್ನತೊಡಗಿದ. ಅತ್ತೆ ಸೋಮವಾರ ಒಪ್ಪೊತ್ತು ಮಾಡುವವರು. ನಾಲ್ಕು ದಿನ ಸತತವಾಗಿ ರಾತ್ರಿ ಊಟ ಬೇಡವೆಂದಾಗ ನಮಗೆ ಗಾಬರಿಯಾಯಿತು. ಕಾರಣ ತಿಳಿದ ಮೇಲೆ ಮಗಳು ಅವನನ್ನು ಕೂರಿಸಿಕೊಂಡು, “ಮಾವ, ಇನ್ಮೇಲೆ ಮಂಗಳವಾರ ಅನ್ನು,” ಎಂದು ಹೇಳಿಕೊಟ್ಟಳು. ಅತ್ತೆಯ ಕೊನೆಯ ಎರಡು ವರ್ಷ ನಮ್ಮ ಮನೆಯಲ್ಲಿ ದಿನವೂ ಮಂಗಳವಾರವಾಗಿತ್ತು.

ಅತ್ತೆ ಹಾಸಿಗೆ ಹಿಡಿದಾಗ ಮಗನ ಗುರುತೂ ಇರಲಿಲ್ಲ. ಆದರೆ ಗಂಜಿ ಅಣ್ಣನ ಕೈಯಿಂದಲೇ ಆಗಬೇಕಿತ್ತು. ಅವನು ಚಮಚವನ್ನು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡಿ ಕೊಡುತ್ತಿದ್ದ. ಒಂದು ಬಟ್ಟಲು ಗಂಜಿಗೆ ಒಂದು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕೂರುವವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅತ್ತೆ ತೀರಿಕೊಂಡ ದಿನವೂ ಬಟ್ಟಲು ಹಿಡಿದು ಹೋಗಿದ್ದ. ಸ್ವಲ್ಪ ಹೊತ್ತಿಗೆ ನನ್ನ ಹತ್ತಿರ ಬಂದು, “ಬಾಯಿ ತೆಗೀವಲ್ಲರಿ,” ಎಂದ.

ಅತ್ತೆ ಹೋದ ಮೇಲೆ ಅಣ್ಣ ಇಳಿದುಹೋದ. ಪಾದ ಊದಿಕೊಂಡವು, ನಾಲ್ಕು ಹೆಜ್ಜೆಗೆ ಏದುಸಿರು. ಶಿವಮೊಗ್ಗದ ಡಾಕ್ಟರು ಹೃದಯ ದಣಿದಿದೆ ಎಂದರು. ಎರಡು ಅಮಾವಾಸ್ಯೆ ಬಸ್ಸು ಹತ್ತಲಿಲ್ಲ. ಐವತ್ತೈದರ ಹತ್ತಿರ ಅವನ ವಯಸ್ಸು. ಒಂದು ಗುರುವಾರ ಮಧ್ಯಾಹ್ನ, ಆಸ್ಪತ್ರೆಯಲ್ಲಿ, ನಾನು ಔಷಧಿ ಚೀಟಿ ಹಿಡಿದು ಕೆಳಗೆ ಹೋಗಿದ್ದಾಗ ಪ್ರಾಣ ಹೋಯಿತು. ಪಕ್ಕದಲ್ಲಿ ಮಗಳಿದ್ದಳು. ನೋವು ಪಡಲಿಲ್ಲ ಎಂದಳು.

ಅದಕ್ಕೆ ಮೂರು ದಿನ ಮೊದಲಿನ ಬೆಳಗು ನನಗೆ ಹೆಚ್ಚು ನೆನಪಿಗೆ ಬರುತ್ತದೆ. ಯಜಮಾನರು ಅಂಗಡಿಗೆ ಹೊರಟಿದ್ದರು. ಮಗಳು ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದಳು. ನಲ್ಲಿಯಲ್ಲಿ ನೀರು ಬಂದಿತ್ತು, ಒಲೆಯ ಮೇಲೆ ಅನ್ನವಿತ್ತು. ಅಣ್ಣ ಶಾಲು ಹೊದ್ದು ಜಗಲಿಯ ಎಳೆಬಿಸಿಲಿನಲ್ಲಿ ಕಾಲು ಚಾಚಿಕೊಂಡಿದ್ದ. ನಾನು ಕೊಡ ಹಿಡಿದು ಎರಡನೇ ಸಲ ಅವನ ಮುಂದೆ ಹಾಯುವಾಗ ಕರೆದ.

“ತಂಗ್ಯಾರೆ, ಕುಂದರ್ರಿ.”

“ಅನ್ನಕ್ಕಿಟ್ಟೀನಿ. ನೀರು ನಿಂತುಹೋಗ್ತೈತಿ.”

“ಕುಂದರ್ರಿ.”

ಏನೋ ಹೇಳುವುದಿದೆ ಎಂದು ಕೊಡ ಕೆಳಗಿಟ್ಟು ಕೂತೆ. ಅವನು ಶಾಲಿನ ಒಂದು ತುದಿಯನ್ನು ನನ್ನ ಮೊಣಕಾಲಿನ ಮೇಲೆ ಹಾಕಿದ. ಬೀದಿಯಲ್ಲಿ ಹಾಲಿನವರು ಹೋದರು, ಮಕ್ಕಳನ್ನು ತುಂಬಿಕೊಂಡ ಆಟೋ ಹೋಯಿತು, ಎದುರುಮನೆಯ ಆಕಳು ಕಟ್ಟಿದ ಜಾಗದಲ್ಲೇ ಒಂದು ಸುತ್ತು ಹಾಕಿ ಮಲಗಿತು. ಒಂದೊಂದನ್ನೂ ಅವನು ಬೆರಳು ತೋರಿಸಿ ಹೇಳಿದ. ನಾನು ಹೂಂ ಅಂದೆ. ಅವನನ್ನು ಎಲ್ಲಿಗೂ ಹೊರಡಿಸದೆ, ಏನನ್ನೂ ಮಾಡಿಸದೆ, ಅವನ ಪಕ್ಕ ಸುಮ್ಮನೆ ಕೂತದ್ದು ಅದಕ್ಕೂ ಮೊದಲು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಒಳಗಿನಿಂದ ಅನ್ನ ಸೀಯುವ ವಾಸನೆ ಬಂತು. ಮಗಳು ಒಳಗಿನಿಂದಲೇ, “ಅಮ್ಮ, ಒಲೆ,” ಎಂದು ಕೂಗಿದಳು.

“ನೀನೇ ಆರಿಸು,” ಎಂದೆ.

ಬಿಸಿಲು ಜಗಲಿಯಿಂದ ಇಳಿದಿಳಿದು ಬೀದಿಗೆ ಹೋಗುವ ತನಕ ನಾವಿಬ್ಬರೂ ಅಲ್ಲೇ ಕೂತಿದ್ದೆವು.